“ನಂಬುತ್ತೇನೆ” ಎನ್ನುವಲ್ಲಿ ಗಂಟಲು ಕಟ್ಟಿದರೆ

ಧಾರವಾಡದ ಒಬ್ಬ ಸಭಿಕ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ವಂದನೆಗಳು. ಇದುವರೆಗೆ ಇಲ್ಲಿ ಬೇರೆಯವರು ಬರೆದದ್ದನ್ನು ಓದಿಕೊಂಡಷ್ಟೇ ಇದ್ದವನು ನಾನು. ನನ್ನ ಪತ್ನಿ ಹದಿನಾಲ್ಕು ತಿಂಗಳು ಕ್ಯಾನ್ಸರಿನೊಂದಿಗೆ ಹೆಣಗಿ ಕಳೆದ ಮಳೆಗಾಲದಲ್ಲಿ ತೀರಿಕೊಂಡಳು. “ಕರ್ತನಲ್ಲಿ ನಿದ್ರೆಹೋದರು” ಎಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿದವನು ನಾನೇ. ಕರಡು ತಿದ್ದುವಾಗ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದೆ.

ನನ್ನ ಪ್ರಶ್ನೆ ಚಿಕ್ಕದು. ಭಾನುವಾರದ ಆರಾಧನೆಯಲ್ಲಿ ವಿಶ್ವಾಸ ಪ್ರಮಾಣಕ್ಕೆ, ಅಂದರೆ ನಮ್ಮ ನಂಬಿಕೆಯನ್ನು ಒಟ್ಟಾಗಿ ಹೇಳುವ ಸಾಲುಗಳಿಗೆ, ಎಲ್ಲರೂ ಎದ್ದು ನಿಲ್ಲುತ್ತೇವೆ. “ಸರ್ವಶಕ್ತನಾದ ತಂದೆಯಾದ ದೇವರನ್ನು” ಎನ್ನುವವರೆಗೆ ನನ್ನ ಬಾಯಿ ತಾನಾಗಿ ಓಡುತ್ತದೆ, ಬಾಲ್ಯದಿಂದ ಬಂದ ರೂಢಿ ಅದು. “ನಂಬುತ್ತೇನೆ” ಎನ್ನುವಲ್ಲಿ ಗಂಟಲು ಕಟ್ಟುತ್ತದೆ. ಐದು ತಿಂಗಳಿನಿಂದ ಹೀಗೆಯೇ ನಡೆದಿದೆ. ಮುಂದಿನ ತಿಂಗಳು ಸತ್ಯವೇದದ (ಬೈಬಲಿನ) ಪಾಠ ಓದುವ ಸರದಿ ನನ್ನದು. ನಂಬದ ಬಾಯಿಂದ ಓದುವುದು ಕಪಟವಲ್ಲವೇ, ಸರದಿಯನ್ನು ಬಿಟ್ಟುಕೊಡುವುದೇ ಪ್ರಾಮಾಣಿಕತೆಯಲ್ಲವೇ ಎಂದು ಕೇಳುತ್ತಿದ್ದೇನೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಆಕೆ ಹಾಸಿಗೆ ಹಿಡಿದಿದ್ದಾಗ ಮನೆಗೆ ಬಂದ ಒಂದು ಪ್ರಾರ್ಥನಾ ಗುಂಪಿನವರು, ನಮ್ಮ ಸಭೆಯವರಲ್ಲ, ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಹೊರಡುವಾಗ ನನ್ನನ್ನು ಜಗಲಿಗೆ ಕರೆದು, ಮನೆಯಲ್ಲಿ ಅರಿಕೆ ಮಾಡದ ಪಾಪವೇನಾದರೂ ಉಳಿದಿದೆಯೇ ಎಂದು ವಿಚಾರಿಸಿದರು. ಕಿಟಕಿ ತೆರೆದಿತ್ತು. ಆಕೆಗೆ ಕೇಳಿಸಿತೋ ಇಲ್ಲವೋ ನಾನು ಕೊನೆಯವರೆಗೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ಬಲ್ಮಠದ ನಿವೃತ್ತ ಉಪಾಧ್ಯಾಯಿನಿ

ತಮ್ಮಾ, ಹಾಗೆ ಕರೆಯುವಷ್ಟು ವಯಸ್ಸು ನನಗಾಗಿದೆ, ತಪ್ಪು ತಿಳಿಯಬೇಡಿ. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಯೇಸುವಿನ ಶಿಷ್ಯ ತೋಮನ ಪಾಠವನ್ನು ಎಷ್ಟು ಸಲ ಹೇಳಿಕೊಟ್ಟೆನೋ ಲೆಕ್ಕವಿಲ್ಲ, ಆದರೆ ಅದರಲ್ಲಿರುವ ಒಂದು ಚಿಕ್ಕ ಮಾತು ನನ್ನ ಕಣ್ಣಿಗೆ ಬಿದ್ದದ್ದು ನನ್ನ ಮಗನನ್ನು ಕಳೆದುಕೊಂಡ ಮೇಲೆ. ಕರ್ತನಾದ ಯೇಸು ಸತ್ತವರೊಳಗಿಂದ ಎದ್ದ ದಿನ ತೋಮನು ಉಳಿದವರ ಸಂಗಡ ಇರಲಿಲ್ಲ. ಗಾಯದ ಗುರುತನ್ನು ಕಂಡು ಮುಟ್ಟಿದ ಹೊರತು ನಂಬುವುದೇ ಇಲ್ಲ ಎಂದು ಖಂಡಿತವಾಗಿ ಹೇಳಿಬಿಟ್ಟ. ಇಷ್ಟನ್ನು ಎಲ್ಲರೂ ಬಲ್ಲರು. ಅದರ ಮುಂದಿನ ವಚನವನ್ನು ಓದಿ ನೋಡಿ. ಎಂಟು ದಿವಸವಾದ ಮೇಲೆ ಶಿಷ್ಯರು ಪುನಃ ಒಳಗಿದ್ದರು, ತೋಮನೂ ಅವರ ಸಂಗಡ ಇದ್ದನು. ನಂಬುವುದಿಲ್ಲ ಎಂದವನು ಆ ಎಂಟು ದಿನ ಅದೇ ಮನೆಯವರೊಂದಿಗೆ ಉಂಡು ಮಲಗಿರಬೇಕು. ಅವನೂ ಎದ್ದು ಹೋಗಲಿಲ್ಲ, ಹತ್ತು ಮಂದಿಯಲ್ಲಿ ಒಬ್ಬರೂ ಅವನನ್ನು ಹೊರಗೆ ಹಾಕಲಿಲ್ಲ. ಅವನಿಗೆ ದರ್ಶನ ದೊರೆತದ್ದು ಆ ಮನೆಯೊಳಗೇ.

ಮತ್ತಾಯನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿಯೂ, ಹನ್ನೊಂದು ಮಂದಿ ಬೆಟ್ಟದ ಮೇಲೆ ಕರ್ತನನ್ನು ಕಂಡು ಅಡ್ಡಬಿದ್ದಾಗ, ಕೆಲವರು ಸಂಶಯಪಟ್ಟರು ಎಂದು ಸ್ಪಷ್ಟವಾಗಿದೆ. ಲೋಕದ ಎಲ್ಲ ಕಡೆಗೂ ಹೋಗಿರೆಂಬ ಅಪ್ಪಣೆ ಆ ಸಂಶಯದವರಿಗೂ ಸೇರಿಯೇ ಬಂತು. ಆದ ಕಾರಣ ಸರದಿಯನ್ನು ಬಿಟ್ಟುಕೊಡಬೇಡಿ.

ಜಗಲಿಯಲ್ಲಿ ಪಾಪದ ಲೆಕ್ಕ ಕೇಳಿದವರ ಬಗ್ಗೆ ನನಗೆ ಬರುವ ಮಾತು ಈ ಪುಟಕ್ಕೆ ತಕ್ಕದ್ದಲ್ಲ. ಹುಟ್ಟುಕುರುಡನನ್ನು ಕಂಡು “ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ” ಎಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ ಅವರೂ ಅಲ್ಲ ಎಂದು ಉತ್ತರ ಬಂದು ಎರಡು ಸಾವಿರ ವರ್ಷವಾಗುತ್ತ ಬಂತು.

ಹೊರಗೆ ನಿಂತವ

ಮೊದಲಿಗೆ ನಿಮ್ಮ ನಷ್ಟಕ್ಕೆ ನನ್ನ ಸಂತಾಪಗಳು. ನಾನು ಕ್ರೈಸ್ತ ಮನೆಯಲ್ಲಿಯೇ ಹುಟ್ಟಿ ಬೆಳೆದವನು, ಹನ್ನೆರಡು ವರ್ಷಗಳಿಂದ ಇಗರ್ಜಿಗೆ ಹೋಗಿಲ್ಲ. ಇಲ್ಲಿ ಬರುವ ಉತ್ತರಗಳು ನಿಮ್ಮನ್ನು ಹೇಗಾದರೂ ಒಳಗೇ ಉಳಿಸಿಕೊಳ್ಳುವ ಉತ್ತರಗಳೇ ಆಗಿರುತ್ತವೆ ಎಂಬುದು ನನಗೆ ಗೊತ್ತಿರುವುದರಿಂದ ಒಂದು ಆಕ್ಷೇಪವನ್ನು ದಾಖಲಿಸುತ್ತೇನೆ. ವಾಸಿಯಾದರೆ ದೇವರ ಕೃಪೆ, ವಾಸಿಯಾಗದಿದ್ದರೆ ದೇವರ ಚಿತ್ತ. ಸಮಾಧಾನ ಸಿಕ್ಕರೆ ಪ್ರಾರ್ಥನೆಯ ಫಲ, ಸಿಗದಿದ್ದರೆ ನಂಬಿಕೆಯ ಶೋಧನೆ. ಯಾವ ಕಡೆಯಿಂದ ಕೂಡಿದರೂ ನಷ್ಟವೇ ಬಾರದ ಈ ಲೆಕ್ಕವನ್ನು ಅಂಗಡಿಯವನು ತೋರಿಸಿದರೆ ನಾವು ಒಪ್ಪುತ್ತೇವೆಯೇ? ನಿಮ್ಮ ಗಂಟಲು ಕಟ್ಟುವುದು ರೋಗವಲ್ಲ, ನಿಮ್ಮೊಳಗಿನ ಪ್ರಾಮಾಣಿಕತೆ ಎಂದು ನಾನು ತಿಳಿಯುತ್ತೇನೆ.

ಹಳ್ಳಿ ಸಭೆಯ ಪಾಲಕ

ಇವರ ಆಕ್ಷೇಪಕ್ಕೆ ನಾನು ಸಿಟ್ಟಾಗುವುದಿಲ್ಲ, ಏಕೆಂದರೆ ಅರ್ಧಕ್ಕಿಂತ ಹೆಚ್ಚನ್ನು ನಾನು ಒಪ್ಪುತ್ತೇನೆ. ಆ ಲೆಕ್ಕಪತ್ರ ಸುಳ್ಳು. ಶವಸಂಸ್ಕಾರಗಳಲ್ಲಿ ನಾನೂ ಅದನ್ನು ಓದಿ ಹೇಳಿದ್ದೇನೆಂದು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಆದರೆ ಅದು ಸುಳ್ಳೆಂದು ಮೊದಲು ಸಾರಿದ್ದು ಹೊರಗಿನವರಲ್ಲ, ಸತ್ಯವೇದದಲ್ಲಿರುವ ಯೋಬನ ಗ್ರಂಥವೇ. ಎಲ್ಲವನ್ನೂ ಕಳೆದುಕೊಂಡು ಕುಳಿತಿದ್ದ ಯೋಬನ ಬಳಿಗೆ ಗೆಳೆಯರು ಬಂದ ಹೊಸದರಲ್ಲಿ ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಸಂಗಡ ಮಾತಿಲ್ಲದೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ, ನೀನು ಪಾಪ ಮಾಡಿರದೆ ಇದು ನಿನಗೆ ಬಂದೀತೇ ಎಂಬ ಒಂದೇ ವಾದವನ್ನು ಅಧ್ಯಾಯದ ಮೇಲೆ ಅಧ್ಯಾಯ ಎಳೆದರು. ಯೋಬನಾದರೋ ದೇವರ ಮೇಲೆಯೇ ದೂರು ಹೊತ್ತು, ಹುಟ್ಟಿದ ದಿನವನ್ನು ಶಪಿಸಿ, ನನ್ನೊಡನೆ ನ್ಯಾಯಕ್ಕೆ ಬಾ ಎಂದು ಕರೆದ. 42ನೆಯ ಅಧ್ಯಾಯದಲ್ಲಿ ತೀರ್ಪು ಬರುತ್ತದೆ. ದೇವರ ಪರವಾಗಿ ವಾದಿಸಿದ ಗೆಳೆಯರ ಮೇಲೆ ದೇವರಿಗೆ ಕೋಪ, ದೇವರ ಮೇಲೆ ದೂರಿದವನು ಸರಿಯಾಗಿ ಮಾತಾಡಿದನೆಂಬ ಸಾಕ್ಷಿ. ಜಗಲಿಗೆ ಬಂದವರು ಆ ಗೆಳೆಯರಲ್ಲಿ ಒಬ್ಬನಾದ ಎಲೀಫಜನ ಕಡೆಯವರು.

ಒಂದು ಸಂಗತಿಯನ್ನು ಮಾತ್ರ ಮುಚ್ಚಿಡಲಾರೆ. ಮೊದಲ ಎರಡು ಅಧ್ಯಾಯಗಳಲ್ಲಿ ಪರಲೋಕದಲ್ಲಿ ನಡೆದದ್ದು ಓದುವ ನಮಗೆ ತಿಳಿಯುತ್ತದೆ, ಯೋಬನಿಗೆ ಯಾರೂ ಹೇಳುವುದಿಲ್ಲ. ಕೊನೆಯಲ್ಲಿ ಬಿರುಗಾಳಿಯೊಳಗಿಂದ ದೇವರು ಮಾತಾಡಿದಾಗಲೂ “ಯಾಕೆ” ಎಂಬುದಕ್ಕೆ ಉತ್ತರವಿಲ್ಲ. ಹಾಗಾಗಿ ನಿಮ್ಮ “ಯಾಕೆ”ಗೆ ಉತ್ತರ ನನ್ನ ಬಳಿ ಇದೆಯೆಂದು ನಟಿಸಲಾರೆ. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ನನಗದು ಸಿಕ್ಕಿಲ್ಲ.

ಹೊರಗೆ ನಿಂತ ಸಹೋದರರಿಗೆ ಒಂದು ಮಾತು: ಗಂಟಲು ಕಟ್ಟುವುದು ಪ್ರಾಮಾಣಿಕತೆ ಎಂದಿರಿ, ಒಪ್ಪಿದೆ. ಆದರೂ ಇವರು ಪ್ರತಿ ಭಾನುವಾರ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು, ಗಂಟಲು ಕಟ್ಟುವುದೆಂದು ಗೊತ್ತಿದ್ದೂ ಅಲ್ಲಿಗೇ ಹೋಗಿ ನಿಲ್ಲುತ್ತಿದ್ದಾರಲ್ಲ, ಅದೂ ಅಷ್ಟೇ ಪ್ರಾಮಾಣಿಕವಲ್ಲವೇ?

ಜಪಸರ

ನಾನು ಕಥೋಲಿಕಳು, ಮಂಗಳೂರಿನವಳು. ಮದರ್ ತೆರೇಸಾ ಅವರನ್ನು ಇಲ್ಲಿ ನೆನೆಯಬೇಕೆನಿಸುತ್ತದೆ. ಅವರು 1997ರಲ್ಲಿ ತೀರಿಕೊಂಡ ಹತ್ತು ವರ್ಷದ ಮೇಲೆ ಅವರ ಖಾಸಗಿ ಪತ್ರಗಳು ಪ್ರಕಟವಾದವು. ಗುರುಗಳಿಗೆ ಬರೆದಿದ್ದ ಆ ಪತ್ರಗಳನ್ನು ನಾಶಮಾಡಿರೆಂದು ಅವರೇ ಕೇಳಿಕೊಂಡಿದ್ದರು. ಕೋಲ್ಕತ್ತದ ಕೊಳೆಗೇರಿಗಳಲ್ಲಿ ಕೆಲಸ ಆರಂಭಿಸಿದ ಹೊತ್ತಿನಿಂದ ಸುಮಾರು ಅರ್ಧ ಶತಮಾನ ಅವರೊಳಗೆ ಕತ್ತಲೆಯೇ ಇತ್ತು, ಪ್ರಾರ್ಥಿಸಿದರೆ ಶೂನ್ಯವೇ ಎದುರಾಗುತ್ತಿತ್ತು ಎಂಬುದು ಆಗ ಲೋಕಕ್ಕೆ ತಿಳಿಯಿತು. ಧರ್ಮಸಭೆ ಅದನ್ನು ಕಳಂಕವೆಂದು ಎಣಿಸಲಿಲ್ಲ. 2016ರಲ್ಲಿ ಅವರನ್ನು ಸಂತರೆಂದು ಘೋಷಿಸಿತು. ಅಷ್ಟು ವರ್ಷವೂ ಅವರು ಬೆಳಗಿನ ಬಲಿಪೂಜೆಯನ್ನು ಬಿಡಲಿಲ್ಲ, ರೋಗಿಗಳ ಹುಣ್ಣು ತೊಳೆಯುವುದನ್ನೂ ಬಿಡಲಿಲ್ಲ. ನಂಬಿಕೆ ಎಂದರೆ ಎದೆಯಲ್ಲಿ ಬೆಚ್ಚಗೆ ಅನ್ನಿಸುವುದೆಂದು ತಿಳಿದಿದ್ದ ನನಗೆ ಆ ಸುದ್ದಿ ದೊಡ್ಡ ಬಿಡುಗಡೆ ತಂದಿತು.

ಬಲ್ಮಠದ ನಿವೃತ್ತ ಉಪಾಧ್ಯಾಯಿನಿ

ಜಪಸರ ಅವರೇ, ನಿಮ್ಮ ಮಾತು ಸತ್ಯ, ಆದರೆ ಈ ಉದಾಹರಣೆಯನ್ನು ಸ್ವಲ್ಪ ಜಾಗ್ರತೆಯಿಂದ ಕೊಡಬೇಕು. ಹೆಂಡತಿಯನ್ನು ಮಣ್ಣು ಮಾಡಿ ಬಂದವನಿಗೆ ಸಂತರ ಕತ್ತಲೆಯನ್ನು ತೋರಿಸಿದರೆ ಅವನು ತನ್ನ ದುಃಖವನ್ನೂ ಅವರ ಎತ್ತರಕ್ಕೆ ಅಳೆದು, ಅದರಲ್ಲಿಯೂ ತಾನು ಕಡಿಮೆಯವನೆಂದು ತಿಳಿದಾನು. ನನಗೆ ಹಾಗೆಯೇ ಆಗಿತ್ತು. ಆಗ ನನಗೆ ಬೇಕಾಗಿದ್ದವರು ಸಂತರಲ್ಲ, ಬೆಳಿಗ್ಗೆ ಬಂದು ಒಲೆ ಹಚ್ಚಿ ಗಂಜಿ ಬೇಯಿಸುವವರು.

ನರ್ಸ್, ಶಿವಮೊಗ್ಗ

ಗಂಜಿಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಪ್ರವಾದಿ ಎಲೀಯನು ಜಾಲಿಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆ ಎಂದು ಬೇಡಿಕೊಂಡಾಗ ದೇವದೂತನು ಪ್ರಸಂಗ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆಯ ನೀರನ್ನೂ ತೋರಿಸಿದ. ಎಲೀಯನು ಉಂಡು ಪುನಃ ಮಲಗಿದ. ಎರಡನೆಯ ಸಲವೂ ಊಟವೇ ಬಂತು. ಮಾತುಕತೆಯೆಲ್ಲ ನಲವತ್ತು ದಿನದ ದಾರಿ ನಡೆದ ಮೇಲೆ, ಹೋರೇಬ್ ಬೆಟ್ಟದಲ್ಲಿ.

ಅಣ್ಣಾ, ನೇರವಾಗಿ ಕೇಳುತ್ತೇನೆ: ರಾತ್ರಿ ಎಷ್ಟು ಹೊತ್ತು ನಿದ್ರೆ ಬರುತ್ತದೆ? ಮಧ್ಯಾಹ್ನದ ಊಟಕ್ಕೆ ಒಲೆ ಹಚ್ಚುತ್ತೀರಾ, ಬೆಳಗಿನ ಚಹಾ ಬಿಸ್ಕತ್ತಿನಲ್ಲೇ ದಿನ ಕಳೆಯುತ್ತೀರಾ? ದೀರ್ಘಕಾಲ ರೋಗಿಯ ಆರೈಕೆ ಮಾಡಿದವರಲ್ಲಿ, ರೋಗಿ ತೀರಿಕೊಂಡ ಮೇಲೆಯೂ ರಾತ್ರಿ ಎರಡು ಗಂಟೆಗೆ ಮಾತ್ರೆ ಕೊಡಬೇಕೆಂದು ಎಚ್ಚರವಾಗುವುದು ತಿಂಗಳುಗಟ್ಟಲೆ ಹೋಗುವುದಿಲ್ಲ. ದಣಿದ ದೇಹದಲ್ಲಿ ಏಳುವ ಪ್ರಶ್ನೆಗಳೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ, ಆದರೆ ಅವುಗಳ ತೂಕ ನಿದ್ರೆಗೆಟ್ಟವನಿಗೆ ಇಮ್ಮಡಿಯಾಗಿ ತೋರುತ್ತದೆ. ಬದುಕೇ ಬೇಡವೆನ್ನಿಸುವ ರಾತ್ರಿಗಳಿದ್ದರೆ ದಯವಿಟ್ಟು ವೈದ್ಯರನ್ನು ಕಾಣಿರಿ; ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆ ಎನ್ನುವವರು ನಿಮ್ಮ ಜಗಲಿಗೆ ಬಂದವರ ಜಾತಿಯವರೇ.

ಹಾಸನ ಸೀಮೆಯವ

ನಮ್ಮ ಕಡೆಯ ಒಂದು ಹಳೆಯ ಸಂಗತಿ. ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿ 1792ರಲ್ಲಿ ಭಾರತಕ್ಕೆ ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಟಿಪ್ಪುವಿನ ಕಾಲದಲ್ಲಿ ಸೆರೆಯಾಗಿ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಲು ಅವರನ್ನು ಮೈಸೂರು ಸೀಮೆಗೆ ಕರೆಸಲಾಯಿತು. ಕಾವಿ ಉಟ್ಟು, ಈ ನೆಲದವರಂತೆಯೇ ಉಂಡು ಬದುಕಿದ ಅವರನ್ನು ಜನ ದೊಡ್ಡ ಸ್ವಾಮಿಯೋರು ಎಂದು ಕರೆದರು. ಹಾಸನದ ಹತ್ತಿರದ ಸಾತಳ್ಳಿಯಲ್ಲಿ ಒಕ್ಕಲುಗಳನ್ನು ನೆಲೆಗೊಳಿಸಿದರು, ಸಿಡುಬಿನ ಲಸಿಕೆ ಹಾಕಿಸಿದರು. ಹೀಗೆ ಮೂವತ್ತೊಂದು ವರ್ಷ ದುಡಿದು 1823ರಲ್ಲಿ ಫ್ರಾನ್ಸಿಗೆ ಹಿಂದಿರುಗಿದ ಅವರು, ಈ ದೇಶದಲ್ಲಿ ತಮ್ಮ ಪ್ರಯತ್ನವೆಲ್ಲ ವ್ಯರ್ಥವಾಯಿತು, ಇನ್ನು ಮುಂದೆಯೂ ಫಲಿಸುವ ಆಸೆಯಿಲ್ಲ ಎಂಬ ಅರ್ಥದ ಪತ್ರಗಳನ್ನು ಅದೇ ವರ್ಷ ಅಚ್ಚು ಹಾಕಿಸಿದರು. ಉಳಿದ ಪಾದ್ರಿಗಳು ಅವರ ಮೇಲೆ ಉರಿದುಬಿದ್ದರು. 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರು ಗುರುಗಳಾಗಿಯೇ ಇದ್ದರು. ತಮ್ಮ ಸಂಸ್ಥೆಯ ಮುಖ್ಯಸ್ಥರೂ ಆದರು.

ಕೆಲಸದ ಮೇಲಿನ ಸಂಶಯ ಬೇರೆ, ದೇವರ ಮೇಲಿನ ಸಂಶಯ ಬೇರೆ ಎಂದು ಯಾರಾದರೂ ಹೇಳಬಹುದು, ಸರಿಯೇ. ಆದರೆ ಮೂವತ್ತು ವರ್ಷದ ಬೆವರು ಮಣ್ಣುಪಾಲಾಯಿತೆಂದು ಮುದ್ರಿಸಿ ಸಾರಿದವನ ಎದೆಯಲ್ಲಿ ಆ ಗೆರೆ ಅಷ್ಟು ಸ್ಪಷ್ಟವಾಗಿತ್ತೆಂದು ನನಗನ್ನಿಸುವುದಿಲ್ಲ. ಸಾತಳ್ಳಿಯಲ್ಲಿ ಈಗಲೂ ಇಗರ್ಜಿಯ ಗಂಟೆ ಬಾರಿಸುತ್ತದೆ. ಅದು ದುಬೊಯಿಗೆ ಉತ್ತರವೆಂದು ನಾನು ಹೇಳುತ್ತಿಲ್ಲ. ಅವರಿಗಂತೂ ಅದು ತಲುಪಲಿಲ್ಲ. ನಮ್ಮ ಅಜ್ಜಿಯಂಥವರು ಜಪಸರ ಹಿಡಿದು ಕೂರುವುದು ಸಂಶಯ ತುಂಬಿದ ಒಬ್ಬ ಮನುಷ್ಯನ ಕೈಯಿಂದ ದಾಟಿ ಬಂದದ್ದು ಎಂಬುದಷ್ಟೇ ನನಗೆ ವಿಚಿತ್ರವಾಗಿ ಕಾಣುತ್ತದೆ.

ಹೊರಗೆ ನಿಂತವ

ಪಾಲಕರ ಉತ್ತರಕ್ಕೆ ವಂದನೆಗಳು; “ನನ್ನ ಬಳಿ ಉತ್ತರವಿಲ್ಲ” ಎಂದು ಪೀಠದವರೊಬ್ಬರು ಹೇಳಿದ್ದನ್ನು ಕೇಳಿದ್ದು ಇದೇ ಮೊದಲು. ಆದರೆ ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ. ನಂಬಿಕೆಯಿಲ್ಲದೆ “ನಂಬುತ್ತೇನೆ” ಎಂದು ಬಾಯಲ್ಲಿ ಹೇಳಬೇಕೇ, ಬೇಡವೇ?

ಹಳ್ಳಿ ಸಭೆಯ ಪಾಲಕ

ಅದಕ್ಕೆ ಬರುತ್ತೇನೆ. ಕ್ರಿ.ಶ. 325ರಲ್ಲಿ ನಿಕೇಯ ಪಟ್ಟಣದಲ್ಲಿ ಕೂಡಿದ ಸಭಾಧ್ಯಕ್ಷರು ಒಪ್ಪಿದ ವಿಶ್ವಾಸ ಪ್ರಮಾಣದ ಗ್ರೀಕ್ ಮೂಲ “ನಂಬುತ್ತೇವೆ” ಎಂದೇ ಆರಂಭವಾಗುತ್ತದೆ, ಅದು ಬಹುವಚನ. ದೀಕ್ಷಾಸ್ನಾನದಲ್ಲಿ ಒಬ್ಬೊಬ್ಬರನ್ನೇ ಕೇಳಿ ಹೇಳಿಸುತ್ತಿದ್ದ ಪ್ರಮಾಣಗಳಲ್ಲಿ ಏಕವಚನವಿತ್ತು, ಅಪೊಸ್ತಲರ ಪ್ರಮಾಣದಲ್ಲಿ ಈಗಲೂ ಇದೆ. ಕನ್ನಡದಲ್ಲಿ ಇವೆರಡಕ್ಕೂ ಇರುವ ಅಂತರ ಕೊನೆಯ ಒಂದೇ ಅಕ್ಷರದ್ದು, ‘ನೆ’ ಮತ್ತು ‘ವೆ’. ನನ್ನ ಸಭೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿಯಿದ್ದಾರೆ, ಓದು ಬಾರದು, ಎಲ್ಲವೂ ಬಾಯಿಪಾಠ. ಅವರು ಯಾವ ಪ್ರಮಾಣವಾದರೂ “ನಂಬುತ್ತೇವೆ” ಎಂದೇ ಗಟ್ಟಿಯಾಗಿ ಹೇಳುತ್ತಾರೆ. ತಿದ್ದಲು ಹೋಗಿದ್ದೆ ಒಮ್ಮೆ. “ನಾನೊಬ್ಬಳೇ ನಂಬಿದ್ದು ಯಾವಾಗ, ಅಯ್ಯನವರೇ?” ಎಂದರು. ಅಂದಿನಿಂದ ತಿದ್ದಿಲ್ಲ.

ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ಕು ಮಂದಿ ಹೊತ್ತು ತಂದು, ಮಾಳಿಗೆ ತೆಗೆದು ಇಳಿಸಿದಾಗ ಯೇಸು ಕಂಡದ್ದು “ಅವರ” ನಂಬಿಕೆಯನ್ನು ಎಂದು ಮಾರ್ಕನು ತನ್ನ ಸುವಾರ್ತೆಯಲ್ಲಿ ಬರೆಯುತ್ತಾನೆ. ಹಾಸಿಗೆಯ ಮೇಲಿದ್ದವನಲ್ಲಿ ಎಷ್ಟಿತ್ತೆಂದು ಯಾರೂ ವಿಚಾರಿಸಲಿಲ್ಲ. ಈಗ ನೀವು ಹಾಸಿಗೆಯ ಮೇಲಿದ್ದೀರಿ. ಆ ಸಾಲು ಬಂದಾಗ ಸುಮ್ಮನೆ ನಿಂತಿರಿ, ಬಾಯಿ ಬಾರದಿದ್ದರೆ ಬೇಡ, ಸುಳ್ಳನ್ನೂ ಹೇಳಬೇಡಿ, ಪಕ್ಕದವರು ಹೇಳಲಿ. ಅವರ ಗಂಟಲು ಕಟ್ಟಿದ ದಿನ ನೀವು ಹೇಳುವಿರಂತೆ. ಇದರಲ್ಲಿ ಕಪಟ ಎಲ್ಲಿದೆಯೋ ನನಗೆ ಕಾಣುವುದಿಲ್ಲ.

ಪಾಠದ ಮಾತು ಬೇರೆ. ಓದುವವನು ತನ್ನ ನಂಬಿಕೆಯನ್ನು ಓದುವುದಿಲ್ಲ, ಬರೆದಿರುವುದನ್ನು ಓದುತ್ತಾನೆ. ಸತ್ಯವೇದದ ಕೀರ್ತನೆಗಳಲ್ಲಿ ಒಂದನ್ನು ಆರಿಸುವ ಅವಕಾಶ ನಿಮಗಿದ್ದರೆ 88ನೆಯದನ್ನು ನೋಡಿರಿ. ನೂರೈವತ್ತು ಕೀರ್ತನೆಗಳಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಮೊರೆಯ ಕೀರ್ತನೆಗಳೇ, ಆದರೆ ಹೆಚ್ಚಿನವು ಕೊನೆಗೆ ಬರುವಷ್ಟರಲ್ಲಿ ಸ್ತೋತ್ರದ ಕಡೆಗೆ ಹೊರಳುತ್ತವೆ. 88 ಹೊರಳುವುದಿಲ್ಲ. ಸ್ನೇಹಿತರನ್ನು ನನ್ನಿಂದ ದೂರಮಾಡಿದಿ ಎಂದು ದೇವರನ್ನೇ ದೂರಿ, ಕತ್ತಲೆಯಲ್ಲಿ ನಿಂತುಬಿಡುತ್ತದೆ. ನಮ್ಮ ಸಭೆಗಳಲ್ಲಿ ಅದನ್ನು ಗಟ್ಟಿಯಾಗಿ ಓದುವುದನ್ನು ನಾನು ಹೆಚ್ಚು ಕೇಳಿಲ್ಲ. ಸಂಗೀತ ಚೆನ್ನಾಗಿರುವ ಕಡೆ ಇನ್ನೂ ಕಡಿಮೆ, ಇದು ನನ್ನ ಪೂರ್ವಗ್ರಹವೆಂದು ಬೇಕಾದರೆ ಬಿಡಿ.

ಜಪಸರ

ಉಪಾಧ್ಯಾಯಿನಿಯವರ ಮಾತಿನಿಂದ ಎರಡು ದಿನ ಸ್ವಲ್ಪ ನೋವಾಗಿತ್ತು, ಆಮೇಲೆ ಸರಿಯೆನ್ನಿಸಿತು. ನಮ್ಮ ವಾಳೆಯಲ್ಲಿ, ಅಂದರೆ ಇಗರ್ಜಿಗೆ ಸೇರಿದ ನಮ್ಮ ಕೇರಿಯ ಮನೆಗಳ ಗುಂಪಿನಲ್ಲಿ, ಸಾವಾದ ಮನೆಗೆ ಮೊದಲ ದಿನಗಳಲ್ಲಿ ಸರದಿಯ ಮೇಲೆ ಊಟ ಕಳಿಸುವ ಪದ್ಧತಿಯಿದೆ. ತಿಂಗಳ ಮೇಲೆ ಕೇಳುವವರಿಲ್ಲ. ಐದನೆಯ ತಿಂಗಳಿಗೆ ಯಾರು ಹೋಗುತ್ತಾರೆ ಎಂದು ಕಳೆದ ಕೂಟದಲ್ಲಿ ಕೇಳಿದೆ. ಇಬ್ಬರು ಹೆಸರು ಕೊಟ್ಟಿದ್ದಾರೆ.

ಧಾರವಾಡದ ಒಬ್ಬ ಸಭಿಕ

ಮೂರು ವಾರ ಬರೆಯಲಾಗಲಿಲ್ಲ, ಕ್ಷಮೆಯಿರಲಿ. ನರ್ಸ್ ತಂಗಿಯವರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಎರಡು ಗಂಟೆಗೆ ಎಚ್ಚರವಾಗುತ್ತಿತ್ತು, ನೀವು ಹೇಳಿದ ಹಾಗೆಯೇ. ವೈದ್ಯರನ್ನು ಕಂಡು ಬಂದೆ. ಈಗ ನಾಲ್ಕರವರೆಗೆ ನಿದ್ರೆ ಬರುತ್ತದೆ.

ಭಾನುವಾರ 88ನೆಯ ಕೀರ್ತನೆಯನ್ನು ಓದಿದೆ. ನಮ್ಮ ಸಭೆಯ ಪಾಲಕರಿಗೆ ಮೊದಲೇ ತಿಳಿಸಿದ್ದೆ, ಅವರು ಒಂದು ಕ್ಷಣ ಯೋಚಿಸಿ ಆಗಲೆಂದರು. ಓದಿ ಮುಗಿಸಿದ ಮೇಲೆ ಎಂದಿನಂತೆ ದೇವರಿಗೆ ಸ್ತೋತ್ರ ಎನ್ನುವುದೋ ಬೇಡವೋ ಎಂದು ಸಭೆಗೆ ತಿಳಿಯದೆ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದರು. ಹಿಂದಿನ ಬೆಂಚಿನಲ್ಲಿ ಯಾರೋ ಮೂಗು ಒರೆಸಿಕೊಂಡದ್ದು ಕೇಳಿಸಿತು. ಹೊರಗೆ ಬಂದಾಗ, ಹತ್ತು ವರ್ಷದಿಂದ ಬರೀ ನಮಸ್ಕಾರದ ಪರಿಚಯವಿದ್ದ ಒಬ್ಬರು ಗೇಟಿನವರೆಗೆ ಜೊತೆಗೆ ನಡೆದು, ತಮ್ಮ ಮಗಳ ವಿಷಯ ಹೇಳಿದರು. ಆಕೆ ತೀರಿಹೋದದ್ದು ಎಲ್ಲರಿಗೂ ಗೊತ್ತಿತ್ತು. ಅವರು ಅದರ ಬಗ್ಗೆ ಯಾರಲ್ಲಿಯೂ ಮಾತಾಡಿರಲಿಲ್ಲ ಎಂಬುದು ಗೊತ್ತಿರಲಿಲ್ಲ.

ವಿಶ್ವಾಸ ಪ್ರಮಾಣದಲ್ಲಿ ಆ ಪದವನ್ನು ಈ ವಾರವೂ ಹೇಳಲಿಲ್ಲ. ಅಕ್ಕಪಕ್ಕದವರು ಹೇಳುವುದನ್ನು ಕೇಳಿಸಿಕೊಂಡು ನಿಂತಿದ್ದೆ. ಕಳೆದ ಐದು ತಿಂಗಳು ನನ್ನ ಗಂಟಲಿನ ಕಡೆಗೇ ಗಮನವಿದ್ದದ್ದರಿಂದ ಇಷ್ಟು ಮಂದಿಯ ದನಿ ಕಿವಿಗೆ ಬಿದ್ದೇ ಇರಲಿಲ್ಲ.

ಹೇಳದೆ ಉಳಿಸಿಕೊಂಡಿದ್ದ ಒಂದು ವಿಷಯವಿದೆ. ನನ್ನವಳು ಪ್ರಾರ್ಥನೆಯ ವಿಷಯಗಳನ್ನು ಬರೆದಿಡಲು ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದಳು, ಇನ್ನೂರು ಪುಟದ ಗೆರೆ ಎಳೆದ ಪುಸ್ತಕ. ಈಡೇರಿದವುಗಳ ಮುಂದೆ ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕುತ್ತಿದ್ದಳು. ಅದನ್ನು ತೆರೆಯುವ ಧೈರ್ಯ ಬಂದಿರಲಿಲ್ಲ, ಗುರುತಿಲ್ಲದ ಕೊನೆಯ ಪುಟಗಳ ತುಂಬ ಅವಳ ರೋಗವೇ ಇದ್ದೀತೆಂದು ಹೆದರಿದ್ದೆ. ಭಾನುವಾರ ರಾತ್ರಿ ತೆರೆದೆ. ಕೊನೆಯ ಎರಡು ಪುಟಗಳಲ್ಲಿ ಅಕ್ಷರ ಬಹಳ ನಡುಗಿದೆ. ಎದುರು ಮನೆಯ ಹುಡುಗಿಯ ಪಿಯುಸಿ ಪರೀಕ್ಷೆ, ಹಾಲಿನವನ ಎಮ್ಮೆ, ನನ್ನ ಮೊಣಕಾಲು ನೋವು, ಸಭೆಯ ಮಾಳಿಗೆ ಸೋರುವುದು. ಅವಳ ರೋಗದ ಹೆಸರು ಬಹಳ ಹಿಂದೆ ಒಂದೇ ಸಲ ಬಂದಿತ್ತು, ಅದರ ಮುಂದೆ ಯಾವ ಗುರುತೂ ಇಲ್ಲ, ಹೊಡೆದು ಹಾಕಿಯೂ ಇಲ್ಲ.

ಮಾಳಿಗೆ ಈಗಲೂ ಸೋರುತ್ತದೆ. ಮೊಣಕಾಲು ಹಾಗೆಯೇ ಇದೆ. ಎಮ್ಮೆಯ ವಿಚಾರ ನಾಳೆ ಬೆಳಿಗ್ಗೆ ಕೇಳಬೇಕು. ಎದುರು ಮನೆಯ ಹುಡುಗಿ ಪಾಸಾಗಿ ಹುಬ್ಬಳ್ಳಿಯಲ್ಲಿ ಕಾಲೇಜಿಗೆ ಸೇರಿದ್ದಾಳೆ. ಅವಳ ಹೆಸರಿನ ಮುಂದೆ ಗುರುತು ಹಾಕಲು ಕೆಂಪು ಪೆನ್ನಿಗಾಗಿ ಮನೆಯೆಲ್ಲ ಹುಡುಕಿದೆ, ಕೊನೆಗೆ ನನ್ನವಳ ಸತ್ಯವೇದದೊಳಗೆ ಸಿಕ್ಕಿತು.